ಇರುವ ಜಾಗ, ಬಂದ ದಾರಿ

ಉಬುಂಟು ಅಥವಾ ಡೆಬಿಯನ್‌ನ ಈಚಿನ ಆವೃತ್ತಿ ಹಾಕಿರುವ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು ‘ಸಿಡಿ /ಬಿನ್’ ಎಂದು ಕೊಟ್ಟರೆ ಕಮ್ಯಾಂಡುಗಳನ್ನು ಓದಿ ನಡೆಸುವ ಶೆಲ್ ಏನೂ ತಕರಾರು ಮಾಡದೆ ಆ ಡೈರೆಕ್ಟರಿಗೆ ಹೋಗುತ್ತದೆ. ಅಲ್ಲಿಂದಲೇ ‘ಎಲ್‌ಎಸ್ ..’ ಎಂದು ಕೇಳಿದರೆ, ಅಂದರೆ ಒಂದು ಮೆಟ್ಟಿಲು ಮೇಲಿನ ಡೈರೆಕ್ಟರಿಯಲ್ಲಿ ಏನೇನಿದೆ ಎಂದು ಕೇಳಿದರೆ, ಬಿನ್, ಗೇಮ್ಸ್, ಇನ್‌ಕ್ಲೂಡ್, ಲಿಬ್, ಲೋಕಲ್, ಶೇರ್ ಎಂದು ಪಟ್ಟಿ ಬರುತ್ತದೆ. ಈಗ ‘ಸಿಡಿ ..’ ಎಂದು ನಿಜಕ್ಕೂ ಒಂದು ಮೆಟ್ಟಿಲು ಹತ್ತಿ, ಬರೀ ‘ಎಲ್‌ಎಸ್’ ಕೊಟ್ಟು ನೋಡಬೇಕು. ಪಟ್ಟಿಯೇ ಬೇರೆ: ಬಿನ್, ಬೂಟ್, ಡೆವ್, ಇಟಿಸಿ, ಹೋಮ್, ರೂಟ್, ಟಿಎಂಪಿ. ಮೊದಲ ಸಲ ಕಂಡ ಗೇಮ್ಸ್ ಇಲ್ಲ, ಶೇರ್ ಇಲ್ಲ. ಅದೇ ಎರಡು ಚುಕ್ಕಿ, ಕೆಲವೇ ಕ್ಷಣಗಳ ಅಂತರ, ಆದರೆ ‘ಮೇಲಿನ ಡೈರೆಕ್ಟರಿ’ ಎರಡು.

ಯಂತ್ರ ಕೆಟ್ಟಿಲ್ಲ. ಎರಡೂ ಕಮ್ಯಾಂಡುಗಳು ತಮ್ಮನ್ನು ಬರೆದವರು ಉದ್ದೇಶಿಸಿದ ಹಾಗೆಯೇ ನಡೆದುಕೊಂಡಿವೆ. ‘ಎಲ್‌ಎಸ್’ ಕೇಳಿದ್ದು ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು, ‘ಸಿಡಿ’ ಕೇಳಿದ್ದು ಶೆಲ್ಲಿನ ನೆನಪನ್ನು. ಈಗ ಎಲ್ಲಿದ್ದೇವೆ ಎಂಬ ಪ್ರಶ್ನೆಗೆ ಇಬ್ಬರ ಬಳಿಯೂ ಉತ್ತರವಿದೆ, ಇಬ್ಬರ ಉತ್ತರವೂ ಸರಿ, ಆದರೆ ಎರಡೂ ಒಂದೇ ಅಲ್ಲ. ಯುನಿಕ್ಸ್ ಮತ್ತು ಅದರ ವಂಶದ ವ್ಯವಸ್ಥೆಗಳು ಈ ಎರಡು ಉತ್ತರಗಳನ್ನು ಸುಮಾರು ನಲವತ್ತು ವರ್ಷಗಳಿಂದ ಒಟ್ಟಿಗೆ ಹೊತ್ತುಕೊಂಡು ಬಂದಿವೆ.

ಕರ್ನಲ್ಲಿನ ಉತ್ತರದಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಹಳೆಯದು ಅದೇ. ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ, ಅಂದರೆ ಪ್ರತಿ ಪ್ರೊಸೆಸ್ಸಿಗೂ, ಒಂದು ವರ್ಕಿಂಗ್ ಡೈರೆಕ್ಟರಿ ಇರುತ್ತದೆ. ಓರೆಗೆರೆಯಿಂದ ಶುರುವಾಗದ ಯಾವುದೇ ಫೈಲಿನ ಹೆಸರು ಕೊಟ್ಟರೂ ಕರ್ನಲ್ ಹುಡುಕಾಟ ಆರಂಭಿಸುವುದು ಅಲ್ಲಿಂದ. ಕರ್ನಲ್ ಇದನ್ನು ‘/ಹೋಮ್/ಇಂಥವರು/ಲೆಕ್ಕಪತ್ರ’ ಎಂಬಂಥ ಸಾಲಾಗಿ ಬರೆದಿಟ್ಟುಕೊಳ್ಳುವುದಿಲ್ಲ. ಅದು ಹಿಡಿದಿಟ್ಟುಕೊಳ್ಳುವುದು ಆ ಡೈರೆಕ್ಟರಿಯನ್ನೇ: ಡಿಸ್ಕಿನ ಮೇಲೆ ಆ ಡೈರೆಕ್ಟರಿಗಿರುವ ಐನೋಡ್ ಎಂಬ ದಾಖಲೆಯತ್ತ ಬೊಟ್ಟು ಮಾಡುವ ಒಂದು ಗುರುತು. ಐನೋಡಿಗೆ ಇರುವುದು ಸಂಖ್ಯೆ. ಹೆಸರು ಇರುವುದು ಅದರ ಮೇಲಿನ ಡೈರೆಕ್ಟರಿಯ ಪಟ್ಟಿಯಲ್ಲಿ. ಆದ್ದರಿಂದ ಒಂದು ಪ್ರೊಸೆಸ್ ಒಂದು ಡೈರೆಕ್ಟರಿಯೊಳಗೆ ಕೂತಿರುವಾಗ ಇನ್ಯಾರೋ ಆ ಡೈರೆಕ್ಟರಿಯ ಹೆಸರನ್ನೇ ಬದಲಾಯಿಸಿದರೂ ಒಳಗಿದ್ದ ಪ್ರೊಸೆಸ್ಸಿಗೆ ಏನೂ ಆಗುವುದಿಲ್ಲ. ಅದರ ಕೆಲಸ ಹಾಗೇ ಸಾಗುತ್ತದೆ.

ಈ ಗುರುತು ಪ್ರತಿ ಪ್ರೊಸೆಸ್ಸಿಗೂ ಪ್ರತ್ಯೇಕ ಎಂಬ ಸಂಗತಿ ಈಗ ಸಹಜವಾಗಿ ಕಾಣುತ್ತದೆ. ಯುನಿಕ್ಸನ್ನು ಕಟ್ಟಿದವರಿಗೇ ಅದು ಮೊದಲು ಹೊಳೆದಿರಲಿಲ್ಲ. ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಪಿಡಿಪಿ-7 ಯಂತ್ರದ ಮೇಲೆ ಯುನಿಕ್ಸ್ ಆರಂಭಿಸಿದಾಗ ಒಂದು ಟರ್ಮಿನಲ್ಲಿಗೆ ಒಂದೇ ಪ್ರೊಸೆಸ್ ಇತ್ತು. ಆಮೇಲೆ ಅವರು ಫೋರ್ಕ್ ಸೇರಿಸಿದರು. ಒಂದು ಪ್ರೊಸೆಸ್ ತನ್ನದೇ ಪ್ರತಿಯನ್ನು ಹುಟ್ಟಿಸುವ ಈ ವಿಧಾನಕ್ಕೆ ಪಿಡಿಪಿ-7ರಲ್ಲಿ ಬೇಕಾದದ್ದು 27 ಸಾಲಿನ ಅಸೆಂಬ್ಲಿ ಕೋಡ್ ಅಷ್ಟೇ ಎಂದು ರಿಚಿ ಮುಂದೆ ಬರೆದಿದ್ದಾರೆ. ಆ ಸಂಭ್ರಮದ ನಡುವೆ ಡೈರೆಕ್ಟರಿ ಬದಲಿಸುವ ಕಮ್ಯಾಂಡ್ ಕೆಲಸ ಮಾಡುವುದನ್ನೇ ನಿಲ್ಲಿಸಿತು. ಫೋರ್ಕಿಗೂ ಇದಕ್ಕೂ ಏನು ಸಂಬಂಧ ಎಂದು ಕೋಡನ್ನು ಮತ್ತೆ ಮತ್ತೆ ಓದಿದ ಮೇಲೆ ಕಾರಣ ಸಿಕ್ಕಿತು. ಆ ಕಮ್ಯಾಂಡ್ ಬೇರೆಲ್ಲ ಕಮ್ಯಾಂಡುಗಳ ಹಾಗೆ ಈಗ ಶೆಲ್ಲಿನ ಮರಿ ಪ್ರೊಸೆಸ್ಸಾಗಿ ಓಡುತ್ತಿತ್ತು. ಅದು ತನ್ನ ಡೈರೆಕ್ಟರಿಯನ್ನು ಸರಿಯಾಗಿಯೇ ಬದಲಿಸಿಕೊಳ್ಳುತ್ತಿತ್ತು, ಮರುಕ್ಷಣ ಮುಗಿದುಹೋಗುತ್ತಿತ್ತು. ತಾಯಿ ಶೆಲ್ ಮಾತ್ರ ಇದ್ದಲ್ಲೇ ಇರುತ್ತಿತ್ತು. ಹೀಗಾಗಿ ಡೈರೆಕ್ಟರಿ ಬದಲಿಸುವ ಕೆಲಸವನ್ನು ಹೊರಗಿನ ಪ್ರೋಗ್ರಾಮಿನಿಂದ ತೆಗೆದು ಶೆಲ್ಲಿನೊಳಗೇ ಇಡಬೇಕಾಯಿತು. ಇಂದಿಗೂ ‘ಸಿಡಿ’ ಶೆಲ್ಲಿನ ಸ್ವಂತ ಕಮ್ಯಾಂಡ್. ಅದನ್ನು ಅಲ್ಲಿಟ್ಟದ್ದು ಅನಿವಾರ್ಯತೆಯಿಂದ. ಮುಂದೊಂದು ದಿನ ಶೆಲ್ ತನ್ನದೇ ನೆನಪು ಇಟ್ಟುಕೊಳ್ಳಲು ಜಾಗ ದೊರೆತದ್ದು ಇದರಿಂದಲೇ.

ಕರ್ನಲ್ ಬಳಿ ದಾರಿಯ ಹೆಸರಿಲ್ಲ ಎಂದ ಮೇಲೆ ‘ಪಿಡಬ್ಲ್ಯುಡಿ’ ಕಮ್ಯಾಂಡ್ ಪೂರ್ತಿ ವಿಳಾಸವನ್ನು ಹೇಗೆ ಮುದ್ರಿಸುತ್ತಿತ್ತು? ಹಳೆಯ ಯುನಿಕ್ಸ್‌ನ ವಿಧಾನ ನಿಜಕ್ಕೂ ಸೊಗಸಾದದ್ದು. ಪ್ರತಿ ಡೈರೆಕ್ಟರಿಯಲ್ಲೂ ಎರಡು ಖಾಯಂ ನಮೂದುಗಳಿರುತ್ತವೆ: ಒಂದು ಚುಕ್ಕಿ ಎಂದರೆ ತಾನೇ, ಎರಡು ಚುಕ್ಕಿ ಎಂದರೆ ತನ್ನ ಮೇಲಿನದು. 1979ರ ಏಳನೇ ಆವೃತ್ತಿಯ ಯುನಿಕ್ಸಿನಲ್ಲಿ ಡೈರೆಕ್ಟರಿಯ ಒಂದೊಂದು ನಮೂದಿಗೂ 16 ಬೈಟ್: ಎರಡು ಬೈಟ್ ಐನೋಡ್ ಸಂಖ್ಯೆ, ಉಳಿದ 14 ಬೈಟ್ ಹೆಸರು. ‘ಪಿಡಬ್ಲ್ಯುಡಿ’ ಮೊದಲು ತಾನಿರುವ ಡೈರೆಕ್ಟರಿಯ ಐನೋಡ್ ಸಂಖ್ಯೆ ನೋಡಿಕೊಳ್ಳುತ್ತದೆ. ಆಮೇಲೆ ಎರಡು ಚುಕ್ಕಿಯ ಮೂಲಕ ಒಂದು ಮೆಟ್ಟಿಲು ಮೇಲೆ ಹೋಗಿ, ಅಲ್ಲಿನ ಪಟ್ಟಿಯನ್ನು ಸಾಲು ಸಾಲಾಗಿ ಓದಿ, ಅದೇ ಸಂಖ್ಯೆ ಇರುವ ನಮೂದು ಯಾವುದೆಂದು ಹುಡುಕುತ್ತದೆ. ಆ ನಮೂದಿನ ಹೆಸರೇ ವಿಳಾಸದ ಕೊನೆಯ ತುಂಡು. ಮತ್ತೆ ಇನ್ನೊಂದು ಮೆಟ್ಟಿಲು, ಮತ್ತೆ ಹುಡುಕಾಟ. ಒಂದು ಚುಕ್ಕಿಯೂ ಎರಡು ಚುಕ್ಕಿಯೂ ಒಂದೇ ಡೈರೆಕ್ಟರಿಯನ್ನು ತೋರಿಸಿದಾಗ ತುದಿ ಮುಟ್ಟಿದಂತೆ. ಅದೇ ಬೇರು ಡೈರೆಕ್ಟರಿ. ಅದರ ಮೇಲೆ ಇನ್ನೇನೂ ಇಲ್ಲ. ಹೀಗೆ ವಿಳಾಸ ಕೊನೆಯಿಂದ ಮೊದಲಿಗೆ ಹೊಲಿದುಕೊಂಡು ಬರುತ್ತದೆ. ಬೇರೊಂದು ಡಿಸ್ಕನ್ನು ಜೋಡಿಸಿದ ಜಾಗದಲ್ಲಿ ಮಾತ್ರ ಸಂಖ್ಯೆಯೊಂದೇ ಸಾಲದು, ಏಕೆಂದರೆ ಎರಡು ಡಿಸ್ಕುಗಳಲ್ಲಿ ಒಂದೇ ಸಂಖ್ಯೆಯ ಐನೋಡುಗಳಿರಬಹುದು. ಅಲ್ಲಿ ಡಿಸ್ಕಿನ ಗುರುತನ್ನೂ ಸೇರಿಸಿ ಹೋಲಿಸಬೇಕು.

ಈ ವಿಧಾನ ಒಂದು ನಂಬಿಕೆಯ ಮೇಲೆ ನಿಂತಿದೆ: ಪ್ರತಿ ಡೈರೆಕ್ಟರಿಗೂ ಮೇಲಿನದು ಒಂದೇ, ಆದ್ದರಿಂದ ಕೆಳಗಿಳಿದ ದಾರಿಯೂ ಮೇಲೆ ಹತ್ತುವ ದಾರಿಯೂ ಒಂದೇ.

ಆ ನಂಬಿಕೆಯನ್ನು ಮುರಿದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ. ಅಲ್ಲಿಂದ 1983ರಲ್ಲಿ ಹೊರಬಂದ 4.2ಬಿಎಸ್‌ಡಿ ಯುನಿಕ್ಸ್ ಹೊಸ ಫೈಲ್ ಸಿಸ್ಟಂ ತಂದಿತು, ಜೊತೆಗೆ ಸಿಂಬಾಲಿಕ್ ಲಿಂಕುಗಳನ್ನೂ ತಂದಿತು. ಅದಕ್ಕೆ ಮುಂಚೆ ಯುನಿಕ್ಸಿನಲ್ಲಿದ್ದದ್ದು ಹಾರ್ಡ್ ಲಿಂಕ್ ಮಾತ್ರ, ಅಂದರೆ ಒಂದೇ ಐನೋಡಿಗೆ ಎರಡು ಹೆಸರು. ಹಾರ್ಡ್ ಲಿಂಕ್ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹೋಗಲಾರದು, ಡೈರೆಕ್ಟರಿಗಳಿಗೆ ಅದನ್ನು ಹಾಕುವ ಅಧಿಕಾರ ಸಾಮಾನ್ಯ ಬಳಕೆದಾರರಿಗಿರಲಿಲ್ಲ. ಸಿಂಬಾಲಿಕ್ ಲಿಂಕಿಗೆ ಈ ಕಟ್ಟುಪಾಡುಗಳಿಲ್ಲ. ಅದು ತನ್ನೊಳಗೆ ಬರೀ ಒಂದು ವಿಳಾಸವನ್ನು ಅಕ್ಷರರೂಪದಲ್ಲಿ ಇಟ್ಟುಕೊಂಡ ಪುಟ್ಟ ಫೈಲು. ಮುಚ್ಚಿದ ಶಟರಿನ ಮೇಲೆ ‘ನಮ್ಮ ಅಂಗಡಿ ಸ್ಥಳಾಂತರಗೊಂಡಿದೆ’ ಎಂದು ಅಂಟಿಸಿ ಹೊಸ ವಿಳಾಸ ಬರೆದ ಚೀಟಿಯ ಹಾಗೆ. ಆ ವಿಳಾಸದಲ್ಲಿ ನಿಜಕ್ಕೂ ಅಂಗಡಿ ಇದೆಯೋ ಇಲ್ಲವೋ ಚೀಟಿಗೆ ಗೊತ್ತಿರುವುದಿಲ್ಲ.

ಮೊದಲಿನ ಪ್ರಯೋಗದ ‘/ಬಿನ್’ ಇಂಥದ್ದೇ ಒಂದು ಲಿಂಕ್. ‘ಎಲ್‌ಎಸ್ -ಎಲ್ /ಬಿನ್’ ಎಂದು ಕೊಟ್ಟರೆ ಅದರ ಅಳತೆ 7 ಬೈಟ್ ಎಂದು ಬರುತ್ತದೆ. ಅದರೊಳಗಿರುವುದು ‘ಯುಎಸ್‌ಆರ್/ಬಿನ್’ ಎಂಬ ವಿಳಾಸ. ರೋಮನ್ ಲಿಪಿಯಲ್ಲಿ ಬರೆದರೆ ಓರೆಗೆರೆಯೂ ಸೇರಿ ಸರಿಯಾಗಿ ಏಳು ಅಕ್ಷರ. ಇಷ್ಟು ಚಿಕ್ಕ ಬರಹಕ್ಕೆ ಡಿಸ್ಕಿನಲ್ಲಿ ಪ್ರತ್ಯೇಕ ಜಾಗವೇ ಬೇಡ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಂ 60 ಬೈಟಿಗಿಂತ ಕಡಿಮೆ ಇರುವ ಲಿಂಕಿನ ವಿಳಾಸವನ್ನು ಐನೋಡಿನೊಳಗೇ ಇಟ್ಟುಬಿಡುತ್ತದೆ. ದಶಕಗಳ ಕಾಲ ‘/ಬಿನ್’ ಮತ್ತು ‘/ಯುಎಸ್‌ಆರ್/ಬಿನ್’ ಬೇರೆ ಬೇರೆ ಡೈರೆಕ್ಟರಿಗಳಾಗಿದ್ದವು. 2012ರಲ್ಲಿ ಫೆಡೋರಾ 17 ಎರಡನ್ನೂ ಒಂದುಗೂಡಿಸಿ, ಹಳೆಯ ಹೆಸರನ್ನು ನೆಚ್ಚಿಕೊಂಡ ಪ್ರೋಗ್ರಾಮುಗಳಿಗಾಗಿ ಲಿಂಕ್ ಉಳಿಸಿತು. ಉಬುಂಟು, ಡೆಬಿಯನ್‌ಗಳೂ ಅದೇ ದಾರಿ ಹಿಡಿದವು. 2023ರ ಡೆಬಿಯನ್ 12ರ ಹೊತ್ತಿಗೆ ಅದು ಕಡ್ಡಾಯವಾಯಿತು.

ಕರ್ನಲ್ ಒಂದು ವಿಳಾಸವನ್ನು ತುಂಡು ತುಂಡಾಗಿ ಓದುತ್ತಾ ಹೋಗುವಾಗ ಲಿಂಕ್ ಎದುರಾದರೆ, ಅದರೊಳಗಿನ ಬರಹವನ್ನು ತೆಗೆದುಕೊಂಡು ಆ ಹೊಸ ವಿಳಾಸದ ಹಿಂದೆ ನಡೆಯುತ್ತದೆ. ಲಿಂಕ್ ಮತ್ತೊಂದು ಲಿಂಕನ್ನು ತೋರಿಸಬಹುದು, ಅದು ಮತ್ತೊಂದನ್ನು. ಎರಡು ಲಿಂಕುಗಳು ಒಂದನ್ನೊಂದು ತೋರಿಸುತ್ತಾ ಕೂತರೆ ಕರ್ನಲ್ ಎಂದೆಂದಿಗೂ ಸುತ್ತುತ್ತಿರಬಾರದಲ್ಲ. ಅದಕ್ಕೆ ಲಿನಕ್ಸ್ ಒಂದು ವಿಳಾಸಕ್ಕೆ 40 ಲಿಂಕಿನ ಮಿತಿ ಹಾಕಿದೆ. ಅದನ್ನು ಮೀರಿದರೆ ಸಿಂಬಾಲಿಕ್ ಲಿಂಕುಗಳು ವಿಪರೀತವಾದವು ಎಂಬ ಎರರ್ ಬರುತ್ತದೆ. ಇಲ್ಲಿ ಮುಖ್ಯವಾದದ್ದು ಬೇರೆ. ಗುರಿ ಮುಟ್ಟಿದ ಕೂಡಲೇ ಕರ್ನಲ್ ದಾರಿಯಲ್ಲಿ ಸಿಕ್ಕ ಲಿಂಕುಗಳನ್ನೆಲ್ಲ ಮರೆತುಬಿಡುತ್ತದೆ. ‘/ಬಿನ್’ ಎಂದು ಕೇಳಿ ಹೋದವನೂ ‘/ಯುಎಸ್‌ಆರ್/ಬಿನ್’ ಎಂದು ಕೇಳಿ ಹೋದವನೂ ಅದರ ಲೆಕ್ಕದಲ್ಲಿ ಒಂದೇ ಐನೋಡಿನಲ್ಲಿ ನಿಂತಿದ್ದಾರೆ. ಆ ಐನೋಡಿನ ಎರಡು ಚುಕ್ಕಿ ತೋರಿಸುವುದು ‘/ಯುಎಸ್‌ಆರ್’ ಅನ್ನೇ.

1980ರ ದಶಕದಲ್ಲಿ ಬಿಎಸ್‌ಡಿ ಯಂತ್ರಗಳ ಮುಂದೆ ಕೂತವರಿಗೆ ಇದರ ಬಿಸಿ ಬೇಗ ತಟ್ಟಿತು. ಡಿಸ್ಕ್ ತುಂಬಿತೆಂದು ಸಿಸ್ಟಂ ನೋಡಿಕೊಳ್ಳುವವರು ಮನೆ ಡೈರೆಕ್ಟರಿಗಳನ್ನು ಇನ್ನೊಂದು ಡಿಸ್ಕಿಗೆ ಸಾಗಿಸಿ ಹಳೆಯ ಜಾಗದಲ್ಲಿ ಲಿಂಕ್ ಇಟ್ಟರೆ, ತನ್ನ ಮನೆಗೆ ಹೋದ ಬಳಕೆದಾರನಿಗೆ ‘ಪಿಡಬ್ಲ್ಯುಡಿ’ ಯಾವುದೋ ಅಪರಿಚಿತ ಉದ್ದ ವಿಳಾಸ ತೋರಿಸುತ್ತಿತ್ತು. ‘ಸಿಡಿ ..’ ಎಂದರೆ ಹಿಂದೆಂದೂ ಕಾಣದ ಡೈರೆಕ್ಟರಿ ಎದುರಾಗುತ್ತಿತ್ತು. ಪಕ್ಕದ ಸಹೋದ್ಯೋಗಿಯ ಡೈರೆಕ್ಟರಿಗೆ ಎರಡು ಚುಕ್ಕಿಯ ಮೂಲಕ ಹೋಗುವ ಅಭ್ಯಾಸವೂ ಕೈಕೊಡುತ್ತಿತ್ತು, ಆ ಸಹೋದ್ಯೋಗಿ ಬೇರೆ ಡಿಸ್ಕಿನಲ್ಲಿದ್ದರೆ.

ಇದಕ್ಕೆ ಪರಿಹಾರ ಕೊಟ್ಟವರು ಬೆಲ್ ಲ್ಯಾಬ್ಸ್‌ನ ಡೇವಿಡ್ ಕಾರ್ನ್. ಕರ್ನಲ್ ಮರೆತರೇನು, ಬಳಕೆದಾರ ಯಾವ ದಾರಿಯಲ್ಲಿ ಬಂದ ಎಂಬುದು ಶೆಲ್ಲಿಗೆ ಗೊತ್ತು. ‘ಸಿಡಿ’ ಶೆಲ್ಲಿನೊಳಗಿನ ಕಮ್ಯಾಂಡ್ ಆದ್ದರಿಂದ ಪ್ರತಿ ಹೆಜ್ಜೆಯೂ ಅದರ ಕಣ್ಣೆದುರೇ ನಡೆಯುತ್ತದೆ. ಅವರ ಹೆಸರಿನಲ್ಲೇ ಇರುವ ಕಾರ್ನ್ ಶೆಲ್ ಆ ದಾರಿಯನ್ನು ಅಕ್ಷರರೂಪದಲ್ಲಿ ‘ಪಿಡಬ್ಲ್ಯುಡಿ’ ಎಂಬ ವೇರಿಯಬಲ್‌ನಲ್ಲಿ ಇಟ್ಟುಕೊಂಡಿತು. ‘ಸಿಡಿ ..’ ಎಂದರೆ ಶೆಲ್ ಕರ್ನಲ್ಲಿನ ಎರಡು ಚುಕ್ಕಿಯನ್ನು ಕೇಳುವುದೇ ಇಲ್ಲ. ತನ್ನ ಬಳಿಯ ಬರಹದ ಕೊನೆಯ ತುಂಡನ್ನು ಅಳಿಸಿ, ಉಳಿದ ವಿಳಾಸಕ್ಕೆ ಹೋಗು ಎಂದು ಕರ್ನಲ್ಲಿಗೆ ಹೇಳುತ್ತದೆ. ‘/ಬಿನ್’ನಲ್ಲಿ ಕೊನೆಯ ತುಂಡು ಅಳಿಸಿದರೆ ಉಳಿಯುವುದು ಬರೀ ‘/’. ಲಿಂಕಿನ ಮೂಲಕ ಇಳಿದವರು ಲಿಂಕ್ ಇದ್ದ ಕಡೆಗೇ ಹತ್ತಿ ಬರುತ್ತಾರೆ.

ಈ ನಡೆ ಯುನಿಕ್ಸ್ ಬಗೆಯ ವ್ಯವಸ್ಥೆಗಳ ಪಾಸಿಕ್ಸ್ ಮಾನಕದೊಳಗೂ ಸೇರಿತು. ಬ್ಯಾಶ್, ಝೀಶೆಲ್, ಡ್ಯಾಶ್ ಶೆಲ್ಲುಗಳೆಲ್ಲವೂ ಏನೂ ಹೇಳದಿದ್ದರೆ ಹೀಗೆಯೇ ನಡೆದುಕೊಳ್ಳುತ್ತವೆ. ಬಂದ ದಾರಿಯನ್ನು ನೆನಪಿಡುವ ಈ ಬಗೆಗೆ ‘-ಎಲ್’ ಆಯ್ಕೆ, ಕರ್ನಲ್ ಕಂಡಂತೆ ನಡೆಯಲು ‘-ಪಿ’. ಬ್ಯಾಶ್‌ನಲ್ಲಿ ‘ಸೆಟ್ -ಪಿ’ ಎಂದರೆ ಶೆಲ್ ಪೂರ್ತಿ ಎರಡನೇ ಬಗೆಗೆ ತಿರುಗುತ್ತದೆ, ಝೀಶೆಲ್‌ನಲ್ಲಿ ಅದಕ್ಕೆ ‘ಚೇಸ್ ಲಿಂಕ್ಸ್’ ಎಂಬ ಆಯ್ಕೆ. ಕುತೂಹಲದ ಸಂಗತಿಯೆಂದರೆ ‘ಪಿಡಬ್ಲ್ಯುಡಿ’ ಎಂಬ ಕಮ್ಯಾಂಡೇ ಹಲವು ಕಡೆ ಎರಡಿವೆ. ಶೆಲ್ಲಿನೊಳಗಿನದನ್ನು ಕೇಳಿದರೆ ‘/ಬಿನ್’ ಎನ್ನುತ್ತದೆ. ಪೂರ್ತಿ ವಿಳಾಸ ಕೊಟ್ಟು ಗ್ನು ಯೋಜನೆಯ ಸ್ವತಂತ್ರ ಪ್ರೋಗ್ರಾಮನ್ನು ಓಡಿಸಿದರೆ ಅದೇ ಜಾಗದಿಂದ ‘/ಯುಎಸ್‌ಆರ್/ಬಿನ್’ ಎಂಬ ಉತ್ತರ.

ಪ್ರಾಂಪ್ಟಿನ ಮುಂದೆ ಕೂತ ಮನುಷ್ಯನಿಗೆ ಕಾರ್ನ್ ಮಾಡಿದ ಆಯ್ಕೆಯೇ ಸರಿ. ಮನೆಯ ಡೈರೆಕ್ಟರಿ ಯಾವ ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂಬುದು ಆತನಿಗೆ ಸಂಬಂಧಿಸಿದ್ದಲ್ಲ. ಆತ ತಾನು ಟೈಪ್ ಮಾಡಿದ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ, ಶೆಲ್ಲೂ ಅದನ್ನೇ ಇಟ್ಟುಕೊಳ್ಳಬೇಕು. ತೊಡಕಿರುವುದು ಈ ನೆನಪು ಶೆಲ್ಲಿನ ಗಡಿ ದಾಟದೆ ಉಳಿದಿರುವುದರಲ್ಲಿ. ‘ಎಲ್‌ಎಸ್’, ‘ಎಂವಿ’, ‘ಆರ್‌ಎಂ’, ‘ವಿಐ’ ಇವೆಲ್ಲ ಹೊರಗಿನ ಪ್ರೋಗ್ರಾಮುಗಳು. ಅವು ಎರಡು ಚುಕ್ಕಿಯನ್ನು ಹಾಗೇ ಕರ್ನಲ್ಲಿಗೆ ದಾಟಿಸುತ್ತವೆ.

ಇದರ ಪರಿಣಾಮ ನಿತ್ಯದ ಕೆಲಸದಲ್ಲೇ ಕಾಣುತ್ತದೆ. ಒಬ್ಬಾಕೆಯ ಮನೆ ಡೈರೆಕ್ಟರಿಯಲ್ಲಿ ‘ಡೇಟಾ’ ಎಂಬ ಲಿಂಕ್ ಇದೆ, ಅದು ದೊಡ್ಡ ಡಿಸ್ಕಿನ ‘/ಎಂಎನ್‌ಟಿ/ಪ್ರಾಜೆಕ್ಟ್/ಡೇಟಾ’ವನ್ನು ತೋರಿಸುತ್ತದೆ ಎಂದುಕೊಳ್ಳೋಣ. ಆಕೆ ‘ಡೇಟಾ’ದೊಳಗೆ ಹೋಗಿ, ಒಂದು ಫೈಲನ್ನು ಮನೆಗೆ ಸಾಗಿಸಲೆಂದು ‘ಎಂವಿ ವರದಿ ..’ ಎನ್ನುತ್ತಾಳೆ. ಆಮೇಲೆ ‘ಸಿಡಿ ..’ ಎಂದು ಮನೆಗೆ ಬಂದು ನೋಡಿದರೆ ವರದಿ ಇಲ್ಲ. ಅದು ‘/ಎಂಎನ್‌ಟಿ/ಪ್ರಾಜೆಕ್ಟ್’ನಲ್ಲಿ ಕೂತಿದೆ. ‘ಎಂವಿ’ಯ ಜಾಗದಲ್ಲಿ ‘ಆರ್‌ಎಂ’ ಇದ್ದರೆ ನಷ್ಟ ಇನ್ನೂ ದೊಡ್ಡದು. ಮನೆಯಲ್ಲಿರುವ ಹಳೆಯ ಲಾಗ್ ಫೈಲುಗಳನ್ನು ಅಳಿಸಲೆಂದು ‘ಡೇಟಾ’ದೊಳಗಿಂದಲೇ ‘ಆರ್‌ಎಂ ../*.ಲಾಗ್’ ಎಂದು ಕೊಟ್ಟರೆ ಅಳಿಯುವುದು ಪ್ರಾಜೆಕ್ಟಿನ ಲಾಗುಗಳು. ಇಲ್ಲಿ ನಕ್ಷತ್ರಚಿಹ್ನೆಯನ್ನು ಬಿಡಿಸಿ ಫೈಲುಗಳ ಪಟ್ಟಿ ಮಾಡುವುದು ಶೆಲ್ಲೇ ಆದರೂ, ಆ ಹೊತ್ತಿನಲ್ಲಿ ಅದು ತನ್ನ ನೆನಪಿನ ದಾರಿಯನ್ನು ಬಳಸದೆ ಕರ್ನಲ್ಲನ್ನೇ ಕೇಳುತ್ತದೆ. ಅಂದರೆ ಶೆಲ್ ತನ್ನ ನೆನಪನ್ನು ತಾನೇ ಎಲ್ಲ ಕಡೆಯೂ ಪಾಲಿಸುವುದಿಲ್ಲ. ಕಾರ್ನ್ ಅವರ ಆಯ್ಕೆಯಲ್ಲಿ ನಿಜವಾಗಿ ಕೊರತೆ ಎನ್ನಬೇಕಾದದ್ದು ಈ ಅರ್ಧಮರ್ಧತನ.

ಅದನ್ನು ಸರಿಪಡಿಸಲು ಶೆಲ್ಲಿನೊಳಗಿಂದಲೇ ಪ್ರಯತ್ನ ಮಾಡಿದ್ದು ಟಿಸಿ ಶೆಲ್. ಅದರಲ್ಲಿ ‘ಸಿಮ್‌ಲಿಂಕ್ಸ್’ ಎಂಬ ವೇರಿಯಬಲ್ ಇದೆ. ಅದಕ್ಕೆ ‘ಎಕ್ಸ್‌ಪ್ಯಾಂಡ್’ ಎಂಬ ಬೆಲೆ ಕೊಟ್ಟರೆ, ಯಾವ ಕಮ್ಯಾಂಡಿಗಾದರೂ ಸರಿ, ವಿಳಾಸದಂತೆ ಕಾಣುವ ಪದವನ್ನು ಶೆಲ್ ಮೊದಲೇ ತನ್ನ ನೆನಪಿನ ಪ್ರಕಾರ ಬಿಡಿಸಿ ಕೊಡುತ್ತದೆ. ಆಗ ‘ಎಲ್‌ಎಸ್ ..’ ಕೂಡ ಬಂದ ದಾರಿಯನ್ನೇ ತೋರಿಸುತ್ತದೆ. ಆದರೆ ಯಾವ ಪದ ವಿಳಾಸ, ಯಾವುದು ಅಲ್ಲ ಎಂದು ಶೆಲ್ ಊಹಿಸಬೇಕು. ಆಯ್ಕೆಗಳ ಒಳಗೆ ಹುದುಗಿದ ಫೈಲ್ ಹೆಸರುಗಳನ್ನು ಗುರುತಿಸಲು ತನ್ನಿಂದಾಗದು ಎಂದು ಟಿಸಿ ಶೆಲ್ಲಿನ ಕೈಪಿಡಿಯೇ ಒಪ್ಪಿಕೊಳ್ಳುತ್ತದೆ.

ಮ್ಯಾಕ್ ಬಳಸುವವರಿಗೆ ಈ ತೊಡಕು ಇನ್ನೊಂದು ರೂಪದಲ್ಲಿ ಪರಿಚಿತ. ಮ್ಯಾಕ್ಓಎಸ್‌ನಲ್ಲಿ ‘/ಟಿಎಂಪಿ’, ‘/ಇಟಿಸಿ’, ‘/ವಿಎಆರ್’ ಮೂರೂ ಲಿಂಕುಗಳು. ನಿಜವಾದ ಡೈರೆಕ್ಟರಿಗಳಿರುವುದು ‘/ಪ್ರೈವೇಟ್’ನೊಳಗೆ. ‘/ಟಿಎಂಪಿ’ಗೆ ಹೋಗಿ ಪೈಥಾನ್ ಓಡಿಸಿ ವರ್ಕಿಂಗ್ ಡೈರೆಕ್ಟರಿ ಕೇಳಿದರೆ ಅದು ‘/ಪ್ರೈವೇಟ್/ಟಿಎಂಪಿ’ ಎನ್ನುತ್ತದೆ, ಏಕೆಂದರೆ ಪೈಥಾನ್ ಕೇಳುವುದು ಕರ್ನಲ್ಲನ್ನು. ಗೋ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಅದೇ ಜಾಗದಿಂದ ‘/ಟಿಎಂಪಿ’ ಎನ್ನಬಹುದು, ಏಕೆಂದರೆ ಗೋ ಮೊದಲು ಶೆಲ್ ಕೊಟ್ಟುಹೋದ ವೇರಿಯಬಲ್ಲನ್ನು ನೋಡುತ್ತದೆ. ತಾತ್ಕಾಲಿಕ ಡೈರೆಕ್ಟರಿಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಟೆಸ್ಟುಗಳು ಲಿನಕ್ಸಿನಲ್ಲಿ ಪಾಸಾಗಿ ಮ್ಯಾಕ್‌ನಲ್ಲಿ ಬೀಳುವುದಕ್ಕೆ ಹಲವು ಸಲ ಕಾರಣ ಇದೇ.

ವೇರಿಯಬಲ್ಲನ್ನು ನೋಡುತ್ತದೆ ಎಂದರೆ ಕುರುಡಾಗಿ ನಂಬುತ್ತದೆ ಎಂದಲ್ಲ. ಆ ವೇರಿಯಬಲ್‌ನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ಹೊಸದಾಗಿ ಶುರುವಾದ ಶೆಲ್ ಆಗಲಿ ಗೋ ಪ್ರೋಗ್ರಾಮ್ ಆಗಲಿ ಆ ವಿಳಾಸದಲ್ಲಿರುವ ಡೈರೆಕ್ಟರಿಯ ಡಿಸ್ಕ್ ಗುರುತನ್ನೂ ಐನೋಡ್ ಸಂಖ್ಯೆಯನ್ನೂ ತಾನೀಗ ನಿಂತಿರುವ ಡೈರೆಕ್ಟರಿಯದರೊಂದಿಗೆ ಹೋಲಿಸುತ್ತದೆ. ಎರಡೂ ತಾಳೆಯಾದರೆ ಆ ಹೆಸರನ್ನು ಒಪ್ಪುತ್ತದೆ, ಇಲ್ಲವಾದರೆ ಕರ್ನಲ್ ಕೊಡುವ ವಿಳಾಸವೇ ಗತಿ.

ಗೋ ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ರಾಬ್ ಪೈಕ್ ಅದಕ್ಕೂ ಮುಂಚೆ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಈ ಸಮಸ್ಯೆಯ ಮೇಲೆಯೇ ಒಂದು ಪ್ರಬಂಧ ಬರೆದಿದ್ದರು. 2000ದ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಆ ಪ್ರಬಂಧದ ವಿಷಯ ಎರಡು ಚುಕ್ಕಿಯ ಅರ್ಥವನ್ನು ಸರಿಪಡಿಸುವುದು. ಅವರ ತಂಡದ ಪ್ಲಾನ್ 9 ಎಂಬ ವ್ಯವಸ್ಥೆಯಲ್ಲಿ ಸಿಂಬಾಲಿಕ್ ಲಿಂಕುಗಳೇ ಇಲ್ಲ. ಆದರೆ ಅಲ್ಲಿ ಒಂದು ಡೈರೆಕ್ಟರಿಯನ್ನು ಇನ್ನೊಂದು ಹೆಸರಿನಲ್ಲಿ ಜೋಡಿಸುವ ಬೈಂಡ್ ಎಂಬ ವಿಧಾನವಿದೆ, ಅದೂ ಇದೇ ಗೊಂದಲ ತರುತ್ತದೆ. ಪೈಕ್ ಅದನ್ನು ಬಗೆಹರಿಸಿದ್ದು ಕರ್ನಲ್ಲಿನೊಳಗೆ. ಪ್ರತಿ ಫೈಲನ್ನು ತೆರೆದಾಗ ಯಾವ ಹೆಸರಿನಿಂದ ತೆರೆಯಲಾಯಿತು ಎಂಬುದನ್ನು ಕರ್ನಲ್ಲೇ ಅದರ ಜೊತೆ ಇಟ್ಟುಕೊಳ್ಳುತ್ತದೆ, ಎರಡು ಚುಕ್ಕಿಗೆ ಆ ಹೆಸರಿನ ಪ್ರಕಾರವೇ ಅರ್ಥ ಹಚ್ಚುತ್ತದೆ. ಹಾಗಾಗಿ ‘ಸಿಡಿ’ಗೂ ‘ಎಲ್‌ಎಸ್’ಗೂ ಉತ್ತರ ಒಂದೇ. ಈ ಹಾದಿಯಲ್ಲಿ ಯಾರೂ ಏನನ್ನೂ ಊಹಿಸಬೇಕಾಗಿಲ್ಲ. ಯುನಿಕ್ಸ್ ಕರ್ನಲ್ಲುಗಳು ಇದನ್ನು ತೆಗೆದುಕೊಳ್ಳಲಿಲ್ಲ. ಎರಡು ಚುಕ್ಕಿಯ ಹಳೆಯ ಅರ್ಥವನ್ನು ನೆಚ್ಚಿಕೊಂಡ ಪ್ರೋಗ್ರಾಮುಗಳು ಆ ಹೊತ್ತಿಗೆ ಎಣಿಸಲಾರದಷ್ಟಿದ್ದವು.

ವಿಂಡೋಸ್ ತಂಡದವರು ಇನ್ನೊಂದು ತುದಿಯಿಂದ ಇದೇ ಕಡೆಗೆ ಬಂದಿದ್ದಾರೆ. ಅಲ್ಲಿ ಎರಡು ಚುಕ್ಕಿಯನ್ನು ಕರ್ನಲ್ ನೋಡುವ ಮೊದಲೇ ವಿನ್32 ಪದರ ಬರಹದ ಮಟ್ಟದಲ್ಲೇ ಅಳಿಸಿಹಾಕುತ್ತದೆ. ಸಾಮಾನ್ಯ ಪ್ರೋಗ್ರಾಮುಗಳೆಲ್ಲ ಆ ಪದರದ ಮೂಲಕವೇ ಹೋಗುವುದರಿಂದ ಶೆಲ್ಲಿಗೊಂದು ಅರ್ಥ, ಪ್ರೋಗ್ರಾಮಿಗೊಂದು ಅರ್ಥ ಎಂಬ ಬಿರುಕು ಅಷ್ಟಾಗಿ ಕಾಣದು.

ಪ್ರಾಂಪ್ಟಿನ ಮುಂದೆ ಕೂತ ಮನುಷ್ಯನಿಗೆ ಕಾರ್ನ್ ಅವರ ಆಯ್ಕೆಯೇ ಸರಿ ಎಂದ ಮಾತು ಸ್ಕ್ರಿಪ್ಟ್ ಬರೆಯುವವರಿಗೆ ಮಾತ್ರ ಅನ್ವಯಿಸುವುದಿಲ್ಲ. ಸ್ಕ್ರಿಪ್ಟಿಗೆ ಬಂದ ದಾರಿಯ ಹಂಗಿಲ್ಲ. ಅದರಲ್ಲಿನ ‘ಸಿಡಿ’ಯೂ ಫೈಲು ನಕಲಿಸುವ ‘ಸಿಪಿ’ಯೂ ಒಂದೇ ಡೈರೆಕ್ಟರಿಯ ಬಗ್ಗೆ ಮಾತಾಡುವುದು ಮುಖ್ಯ. ತಾನಿರುವ ಡೈರೆಕ್ಟರಿಯನ್ನು ಹುಡುಕಿಕೊಂಡು ಅಲ್ಲಿಂದ ಎರಡು ಚುಕ್ಕಿಯ ಮೂಲಕ ಬೇರೆ ಫೈಲುಗಳನ್ನು ಮುಟ್ಟುವ ಸ್ಕ್ರಿಪ್ಟು ಆರಂಭದಲ್ಲೇ ‘ಸಿಡಿ -ಪಿ’ ಬಳಸಿದರೆ ಶೆಲ್ಲಿನ ನೆನಪೂ ಕರ್ನಲ್ಲಿನ ಜಾಗವೂ ಒಂದಾಗುತ್ತವೆ. ಡೈರೆಕ್ಟರಿಯ ಲಿಂಕಿನ ಮೂಲಕ ಓಡಿಸಿದಾಗ ಮಾತ್ರ ಕೆಡುವ ಹಲವು ಸ್ಕ್ರಿಪ್ಟುಗಳು ಈ ಎರಡು ಅಕ್ಷರಗಳಿಂದ ಸರಿಹೋಗುತ್ತವೆ.

ಎರಡು ಉತ್ತರಗಳ ನಡುವಿನ ಅಂತರ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ವೆಬ್ ಸರ್ವರುಗಳಲ್ಲಿ. ಕ್ಯಾಪಿಸ್ಟ್ರಾನೊ ಎಂಬ ಸಲಕರಣೆ ಜನಪ್ರಿಯಗೊಳಿಸಿದ ಪದ್ಧತಿಯಲ್ಲಿ ತಂತ್ರಾಂಶದ ಪ್ರತಿ ಹೊಸ ಆವೃತ್ತಿಯನ್ನೂ ‘ರಿಲೀಸಸ್’ ಎಂಬ ಡೈರೆಕ್ಟರಿಯೊಳಗೆ ದಿನಾಂಕ, ವೇಳೆ ಹೊತ್ತ ಪ್ರತ್ಯೇಕ ಹೆಸರಿನಲ್ಲಿ ಇಡುತ್ತಾರೆ. ‘ಕರೆಂಟ್’ ಎಂಬ ಒಂದು ಸಿಂಬಾಲಿಕ್ ಲಿಂಕ್ ಚಾಲ್ತಿಯಲ್ಲಿರುವ ಆವೃತ್ತಿಯನ್ನು ತೋರಿಸುತ್ತದೆ. ಹೊಸದು ಸಿದ್ಧವಾದಾಗ ಲಿಂಕನ್ನು ಅತ್ತ ತಿರುಗಿಸಿದರಾಯಿತು. ತಾತ್ಕಾಲಿಕ ಹೆಸರಿನಲ್ಲಿ ಹೊಸ ಲಿಂಕ್ ಮಾಡಿ ಅದನ್ನು ಹಳೆಯದರ ಮೇಲೆ ರಿನೇಮ್ ಮಾಡಿದರೆ ಕರ್ನಲ್ ಆ ಬದಲಾವಣೆಯನ್ನು ಒಂದೇ ಏಟಿಗೆ ಮುಗಿಸುತ್ತದೆ. ಲಿಂಕೇ ಇಲ್ಲದ ಕ್ಷಣ ಯಾವ ಪ್ರೊಸೆಸ್ಸಿನ ಕಣ್ಣಿಗೂ ಬೀಳುವುದಿಲ್ಲ.

ಆ ಹೊತ್ತಿನಲ್ಲಿ ಒಬ್ಬ ಎಂಜಿನಿಯರ್ ‘ಕರೆಂಟ್’ನೊಳಗೆ ಶೆಲ್ ತೆರೆದುಕೊಂಡು ಕೂತಿದ್ದಾನೆ ಎನ್ನೋಣ. ಲಿಂಕ್ ತಿರುಗಿದರೂ ಆತನ ಪ್ರಾಂಪ್ಟಿನಲ್ಲಿ ಏನೂ ಬದಲಾಗುವುದಿಲ್ಲ, ಅಲ್ಲಿ ‘ಕರೆಂಟ್’ ಎಂದೇ ಇದೆ. ಶೆಲ್ಲಿನ ‘ಪಿಡಬ್ಲ್ಯುಡಿ’ ಕೂಡ ಅದನ್ನೇ ಹೇಳುತ್ತದೆ. ಆದರೆ ‘ಎಲ್‌ಎಸ್’ ತೋರಿಸುವುದು ಹಳೆಯ ಆವೃತ್ತಿಯ ಫೈಲುಗಳನ್ನು, ಏಕೆಂದರೆ ಕರ್ನಲ್ ಹಿಡಿದಿರುವುದು ಹಳೆಯ ಐನೋಡನ್ನು. ಸ್ವತಂತ್ರ ಪ್ರೋಗ್ರಾಮಾದ ‘ಪಿಡಬ್ಲ್ಯುಡಿ’ಯನ್ನು ಪೂರ್ತಿ ವಿಳಾಸ ಕೊಟ್ಟು ಓಡಿಸಿದರೆ ಹಳೆಯ ದಿನಾಂಕ ಬಯಲಾಗುತ್ತದೆ. ಇಲ್ಲಿ ಆತನಿಗೆ ನೆರವಾಗುವುದು ನೋಡಲು ಅರ್ಥವಿಲ್ಲದ್ದು ಎನಿಸುವ ಒಂದು ಕಮ್ಯಾಂಡ್: ‘ಸಿಡಿ .’, ಅಂದರೆ ಇದ್ದಲ್ಲಿಗೇ ಹೋಗು. ಶೆಲ್ ತನ್ನ ನೆನಪಿನ ವಿಳಾಸವನ್ನು ತೆಗೆದು, ಚುಕ್ಕಿಯನ್ನು ಕಳೆದು, ‘ಕರೆಂಟ್’ಗೆ ಹೋಗು ಎಂದು ಕರ್ನಲ್ಲಿಗೆ ಹೊಸದಾಗಿ ಹೇಳುತ್ತದೆ. ಕರ್ನಲ್ ಈಗಿನ ಲಿಂಕನ್ನು ಓದಿ ಹೊಸ ಆವೃತ್ತಿಗೆ ಕರೆದೊಯ್ಯುತ್ತದೆ. ‘ಸಿಡಿ -ಪಿ .’ ಎಂದಿದ್ದರೆ ಆತ ಹಳೆಯದರಲ್ಲೇ ಉಳಿಯುತ್ತಿದ್ದ.

ಶೆಲ್ಲನ್ನು ಹಾಗೇ ಬಿಟ್ಟು ಕೆಲವು ದಿನ ಕಳೆದರೆ ಇನ್ನೊಂದು ಹಂತ ಬರುತ್ತದೆ. ಕ್ಯಾಪಿಸ್ಟ್ರಾನೊ ತಾನಾಗಿ ಉಳಿಸಿಕೊಳ್ಳುವುದು ಕೊನೆಯ ಐದು ಆವೃತ್ತಿಗಳನ್ನು. ಅದಕ್ಕೂ ಹಿಂದಿನವು ಅಳಿಸಿಹೋಗುತ್ತವೆ. ವಿಂಡೋಸ್‌ನಲ್ಲಿ ಒಂದು ಪ್ರೊಸೆಸ್ ಒಳಗೆ ಕೂತಿರುವ ಡೈರೆಕ್ಟರಿಯನ್ನು ತೆಗೆಯಲು ಸಾಮಾನ್ಯವಾಗಿ ಆಗದು, ಯುನಿಕ್ಸ್‌ನಲ್ಲಿ ಆಗುತ್ತದೆ. ಹೆಸರು ಹೋದರೂ ಐನೋಡನ್ನು ಹಿಡಿದವರು ಇರುವ ತನಕ ಕರ್ನಲ್ ಅದನ್ನು ಉಳಿಸಿಕೊಂಡಿರುತ್ತದೆ. ಆ ಡೈರೆಕ್ಟರಿಯಲ್ಲಿ ‘ಎಲ್‌ಎಸ್’ ಕೊಟ್ಟರೆ ಎರರ್ ಬರುವುದಿಲ್ಲ, ಖಾಲಿ ಪಟ್ಟಿ ಬರುತ್ತದೆ. ಹೊಸ ಫೈಲು ಮಾಡಹೋದರೆ ಅಂಥ ಡೈರೆಕ್ಟರಿ ಇಲ್ಲ ಎಂಬ ಉತ್ತರ. ಅಲ್ಲಿಂದ ಇನ್ನೊಂದು ಬ್ಯಾಶ್ ಶುರುಮಾಡಿದರೆ, ಅದು ವೇರಿಯಬಲ್‌ನಲ್ಲಿರುವ ‘ಕರೆಂಟ್’ ವಿಳಾಸವನ್ನು ಪರೀಕ್ಷಿಸಿ, ಐನೋಡ್ ತಾಳೆಯಾಗದೆ, ಕರ್ನಲ್ಲನ್ನು ಕೇಳಿ, ಅಲ್ಲೂ ಹೆಸರು ಸಿಗದೆ, ಈಗಿನ ಡೈರೆಕ್ಟರಿ ಪತ್ತೆಯಾಗುತ್ತಿಲ್ಲ ಎಂದು ದೂರುತ್ತದೆ. ಸರ್ವರ್ ಕೆಲಸ ಮಾಡುವವರು ಆಗಾಗ ಕಾಣುವ ಈ ಎರರ್‌ನ ಅರ್ಥ ಇಷ್ಟೇ. ಮೊದಲಿನ ಶೆಲ್ಲಿನಲ್ಲಿ ‘ಸಿಡಿ .’ ಈಗಲೂ ನಡೆಯುತ್ತದೆ, ಏಕೆಂದರೆ ಅದರ ನೆನಪಿನಲ್ಲಿರುವ ‘ಕರೆಂಟ್’ ಎಂಬ ದಾರಿ ಇನ್ನೂ ಊರ್ಜಿತ.

ಹಿನ್ನೆಲೆಯಲ್ಲಿ ಓಡುತ್ತಿರುವ ವೆಬ್ ಸರ್ವರ್ ಪ್ರೊಸೆಸ್ಸಿಗೆ ಈ ಅನುಕೂಲವೂ ಇಲ್ಲ. ಅದು ‘ಕರೆಂಟ್’ನೊಳಗಿಂದ ಶುರುವಾಗಿದ್ದರೆ ಕರ್ನಲ್ ಅದಕ್ಕಾಗಿ ಹಿಡಿದಿರುವುದು ಶುರುವಾದ ದಿನದ ಐನೋಡನ್ನು, ಮತ್ತು ‘ಸಿಡಿ .’ ಎಂದು ಅದಕ್ಕೆ ಹೇಳುವವರು ಯಾರೂ ಇಲ್ಲ. ಅದಕ್ಕೇ ಲಿಂಕ್ ತಿರುಗಿಸಿದ ಮೇಲೆ ಸರ್ವರನ್ನು ರೀಸ್ಟಾರ್ಟ್ ಮಾಡುವ, ಇಲ್ಲವೇ ಅದರ ಕೆಲಸಗಾರ ಪ್ರೊಸೆಸ್ಸುಗಳನ್ನು ಒಂದೊಂದಾಗಿ ಬದಲಿಸುವ ಹೆಜ್ಜೆಯೂ ಈ ಪದ್ಧತಿಯಲ್ಲಿ ಸೇರಿರುತ್ತದೆ.